ಆಸ್ಪತ್ರೆಯ ಉಳಿತಾಯ ನಮ್ಮ ಮನೆಯ ಸಾಲ ಆಗದಿರಲಿ

(ಶಿವಮೊಗ್ಗದ ವಿದ್ಯಾನಗರದಲ್ಲಿ ಸೇರಿದ್ದ ಶಿವಮೊಗ್ಗ ಮತ್ತು ಭದ್ರಾವತಿ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉಳಿತಾಯ, ಸಾಲ ಮರುಪಾವತಿ, ಬ್ಯಾಂಕ್ ಲಿಂಕೇಜ್ ಅಂತ ನಾವು ತಿಂಗಳು ತಿಂಗಳೂ ಮಾತಾಡ್ತಾನೇ ಇರ್ತೀವಿ. ಈ ದಿನ ಸ್ವಲ್ಪ ಬೇರೆ ವಿಷಯ ತೆಗೆದುಕೊಂಡಿದ್ದೇವೆ. ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಎಷ್ಟು ಜನ ನರ್ಸ್ ಇರಬೇಕು? ಅವರ ಸಂಬಳಕ್ಕೆ ಹಣ ಎಲ್ಲಿಂದ ಬರಬೇಕು? ಆ ಸಂಬಳದಲ್ಲಿ ಉಳಿಸಿದರೆ ನಷ್ಟ ಯಾರಿಗೆ?

"ಇದು ಡಾಕ್ಟರು, ಆಡಳಿತ ಮಂಡಳಿಯವರು ಯೋಚನೆ ಮಾಡೋ ವಿಷಯ, ನಮಗ್ಯಾಕೆ ಸಿಸ್ಟರ್?" ಅಂತ ನಿಮಗೆ ಅನಿಸಬಹುದು. ನಿಮ್ಮ ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ಹಸು ಕೊಳ್ಳೋಕೆ, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ ಅಂತ ಬರೆದ ಸಾಲಗಳ ಮಧ್ಯೆ "ಆಸ್ಪತ್ರೆ ಖರ್ಚು" ಅಂತ ಬರೆದದ್ದು ಎಷ್ಟಿದೆ ಅಂತ ಎಣಿಸಿ. ಹಸುವಿಗೆ ಕೊಟ್ಟ ಸಾಲ ಹಾಲಿನಲ್ಲಿ ತೀರುತ್ತದೆ. ಆಸ್ಪತ್ರೆಗೆ ಕೊಟ್ಟ ಸಾಲ ಯಾವುದರಲ್ಲಿ ತೀರಬೇಕು? ಆದ್ದರಿಂದ ಇದು ನಮ್ಮ ವಿಷಯವೇ.

ಸಾಲದ ಪುಸ್ತಕ ಹೇಳಿದ ಕಥೆ

ನಮ್ಮ ಒಂದು ಸಂಘದ ಸದಸ್ಯೆಯ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಊರಿನ ಹೆಸರು, ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರ ಕೆಲಸದಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ನರ್ಸ್. ಅವಳು ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಹುಡುಗಿ. ಒಂದು ಕಡೆ ಡ್ರಿಪ್ ಮುಗಿದಿದೆ, ಇನ್ನೊಂದು ಕಡೆ ವಾಂತಿ, ಮತ್ತೊಂದು ಕಡೆ ಹೊಸ ಅಡ್ಮಿಷನ್. ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು. ಅದು ಆಗಲಿಲ್ಲ. ಸೊಸೆಗೆ ಅದನ್ನು ಹೇಳಿಕೊಡೋಕೂ ಯಾರಿಗೂ ಪುರುಸೊತ್ತಿರಲಿಲ್ಲ. ಕೆಲವೇ ದಿನದಲ್ಲಿ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು. ಹುಣ್ಣಿಗೆ ಕೀವು, ಕೀವಿಗೆ ಜ್ವರ, ಜ್ವರಕ್ಕೆ ದುಬಾರಿ ಇಂಜೆಕ್ಷನ್. ಹತ್ತು ಹನ್ನೆರಡು ದಿನದಲ್ಲಿ ಮನೆಗೆ ಬರಬೇಕಾದವರು ತಿಂಗಳು ದಾಟಿದರೂ ಅಲ್ಲೇ. ಅದು ಅಡಿಕೆ ಸುಲಿಯುವ ಕಾಲ. ವರ್ಷದಲ್ಲಿ ನಾಲ್ಕು ಕಾಸು ಕೈಗೆ ಸಿಗೋ ಸಮಯವದು. ಸೊಸೆ ಆ ಕೆಲಸ ಪೂರ್ತಿ ಬಿಟ್ಟು ಆಸ್ಪತ್ರೆಯ ನೆಲದ ಮೇಲೆ ಮಲಗಿದಳು. ಸಂಘದಿಂದ ಒಂದು ಸಾಲ, ಅದು ಸಾಲದೆ ಮೈಕ್ರೋ ಫೈನಾನ್ಸಿನವರಿಂದ ಇನ್ನೊಂದು ಸಾಲ ತೆಗೆದಳು.

ಈಗ ಕೇಳೋಣ, ತಪ್ಪು ಯಾರದು? ಆ ನರ್ಸಿನದಾ? ಸೊಸೆಯದಾ? ಇಬ್ಬರದೂ ಅಲ್ಲ. ಇನ್ನೊಬ್ಬ ನರ್ಸಿನ ಸಂಬಳ ಉಳಿಸೋಣ ಅಂತ ಯಾರೋ ಕಚೇರಿಯಲ್ಲಿ ಕೂತು ಮಾಡಿದ ಲೆಕ್ಕ ಅದು. ಖರ್ಚು ಅಲ್ಲಿ ಕಡಿಮೆಯಾದ ಹಾಗೆ ಕಂಡಿತು. ನಿಜವಾಗಿ ಅದು ಆಸ್ಪತ್ರೆಯ ಪುಸ್ತಕದಿಂದ ಎದ್ದು ಬಂದು ಸೊಸೆಯ ಪುಸ್ತಕದಲ್ಲಿ ಕೂತಿತು. ಈ ದಿನ ನಾವು ಹೇಳಬೇಕಾದ ಮುಖ್ಯ ಮಾತು ಇದೇ. ನರ್ಸುಗಳನ್ನು ಕಡಿಮೆ ಮಾಡಿದರೆ ವಾರ್ಡಿನ ಕೆಲಸವೇನೂ ಕಡಿಮೆಯಾಗುವುದಿಲ್ಲ. ಅದು ಹಾಸಿಗೆಯ ಪಕ್ಕ ಕೂತ ಹೆಣ್ಣುಮಗಳ ತಲೆಯ ಮೇಲೆ ಬರುತ್ತದೆ. ಅವಳಿಗೆ ತರಬೇತಿಯೂ ಇಲ್ಲ, ಸಂಬಳವೂ ಇಲ್ಲ.

ನರ್ಸ್ ಅಂದರೆ ಇಂಜೆಕ್ಷನ್ ಚುಚ್ಚುವವರು ಮಾತ್ರವೇ?

ನರ್ಸಿನ ಕೆಲಸ ಏನು ಅಂತ ಕೇಳಿದರೆ ಇಂಜೆಕ್ಷನ್ನು, ಗ್ಲೂಕೋಸು, ಮಾತ್ರೆ ಅಂತೀವಿ. ಆದರೆ ಅವರ ದೊಡ್ಡ ಕೆಲಸ ನೋಡುವುದು, ಗಮನಿಸುವುದು. ಉಸಿರು ಏರಿತಾ, ಮೂತ್ರ ಕಡಿಮೆಯಾಯಿತಾ, ಬಾಣಂತಿಗೆ ರಕ್ತ ಹೆಚ್ಚು ಹೋಗ್ತಾ ಇದೆಯಾ, ಬೆಳಿಗ್ಗೆ ಸರಿಯಾಗಿ ಮಾತಾಡಿದ ಅಜ್ಜ ಸಂಜೆ ತೊದಲುತ್ತಿದ್ದಾರಾ? ಡಾಕ್ಟರು ರೌಂಡ್ಸಿಗೆ ಬಂದು ಐದು ನಿಮಿಷ ನೋಡಿ ಹೋಗುತ್ತಾರೆ. ಉಳಿದ ಹೊತ್ತೆಲ್ಲ ನೋಡುವ ಕಣ್ಣು ನರ್ಸಿನದು. ಆ ಕಣ್ಣು ಒಂದು ಗಂಟೆ ತಡವಾಗಿ ನೋಡಿದರೆ ಜೀವ ಹೋಗಬಹುದು.

ನಮ್ಮ ಜಿಲ್ಲೆಯ ಒಂದು ಉದಾಹರಣೆ ನೋಡಿ. ಮಂಗನ ಕಾಯಿಲೆ ನಿಮಗೆಲ್ಲ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಊರಿನ ಹೆಸರೇ ಕಾಯಿಲೆಗೆ ಬಂತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಎಷ್ಟು ಹೆದರಿದ್ದರು ಅನ್ನೋದೂ ನೆನಪಿದೆ. ಆ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ಹಾಗಾದರೆ ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆ ಏನು? ಜ್ವರ ಇಳಿಸುವುದು, ದೇಹದಲ್ಲಿ ನೀರಿನಂಶ ಕಾಯುವುದು, ಬಿ.ಪಿ. ನೋಡುವುದು, ಎಲ್ಲಿಂದಾದರೂ ರಕ್ತ ಸೋರುತ್ತಿದೆಯಾ ಅಂತ ಗಮನಿಸುವುದು, ಏರುಪೇರಾದರೆ ಕೂಡಲೇ ಡಾಕ್ಟರನ್ನು ಕರೆಯುವುದು. ಇದರಲ್ಲಿ ಹೆಚ್ಚಿನದು ನರ್ಸಿಂಗ್ ಕೆಲಸವೇ. ಔಷಧಿ ಇಲ್ಲದ ಕಡೆ ಆರೈಕೆಯೇ ಔಷಧಿ.

ಇನ್ನೊಂದು ಉದಾಹರಣೆ ನಮ್ಮ ನಾಡಿನ ಹೆಣ್ಣುಮಗಳದು. ಇಲ್ಲಿ ವಿದ್ಯಾನಗರದ ಮೇಲೆ ಹಾದು ಹೋಗುವ ಬಿ.ಎಚ್. ರಸ್ತೆ ಹೊನ್ನಾವರಕ್ಕೆ ಹೋಗಿ ಮುಟ್ಟುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ ಹಳದೀಪುರ. ಆ ಊರಿನ ಅರುಣಾ ಶಾನಭಾಗ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಅವರ ಮೇಲೆ ಹಲ್ಲೆ, ಅತ್ಯಾಚಾರ ಮಾಡಿದ. ಮೆದುಳಿಗೆ ಪೆಟ್ಟಾಗಿ ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅಲ್ಲಿನ ನರ್ಸುಗಳು ಅವರನ್ನು ನೋಡಿಕೊಂಡರು. ಒಂದು ತಲೆಮಾರಿನವರು ನಿವೃತ್ತರಾದರೆ ಮುಂದಿನ ತಲೆಮಾರಿನವರು ಮಾಡಿದರು. ಅವರ ವಿಷಯ 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಇಲ್ಲ ಅನ್ನೋ ಮಾತು ಎಲ್ಲರನ್ನೂ ಬೆರಗುಗೊಳಿಸಿತು. ಅಲ್ಲಿ ದಶಕಗಳ ಕಾಲ ಹುಣ್ಣಾಗಲಿಲ್ಲ, ನಮ್ಮ ಅಜ್ಜಿಗೆ ಕೆಲವೇ ದಿನದಲ್ಲಿ ಆಯಿತು. ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸುವ ಕೈ ಇದ್ದರೆ, ಆ ಕೈಗೆ ಸಮಯ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಜೊತೆಗೆ ಇನ್ನೊಂದು ಮಾತನ್ನೂ ನೆನಪಿಡೋಣ. ನರ್ಸಿಗೇ ಸುರಕ್ಷತೆ ಇಲ್ಲದ ಆಸ್ಪತ್ರೆಯಲ್ಲಿ ರೋಗಿಗೂ ಸುರಕ್ಷತೆ ಇರುವುದಿಲ್ಲ.

ಬನ್ನಿ, ಲೆಕ್ಕ ಹಾಕೋಣ

ಲೆಕ್ಕ ಅಂದರೆ ನಮ್ಮ ಸಂಘದವರಿಗೆ ಭಯ ಇಲ್ಲ. ಕಾಗದ, ಪೆನ್ನು ತೆಗೆದುಕೊಳ್ಳಿ.

ಸಾಮಾನ್ಯ ವಾರ್ಡಿನಲ್ಲಿ ಐದಾರು ರೋಗಿಗಳಿಗೆ ಒಬ್ಬ ನರ್ಸ್, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನೋದು ನಮ್ಮ ದೇಶದಲ್ಲಿ ಹೇಳುವ ಸುಮಾರು ಮಾನದಂಡ. 30 ಹಾಸಿಗೆಯ ಒಂದು ವಾರ್ಡು ಅಂತ ಇಟ್ಟುಕೊಳ್ಳಿ. ಆರು ರೋಗಿಗೆ ಒಬ್ಬರಂತೆ ಒಂದು ಪಾಳಿಗೆ 5 ನರ್ಸ್. ದಿನಕ್ಕೆ ಮೂರು ಪಾಳಿ. ಭದ್ರಾವತಿಯಿಂದ ಬಂದವರಿಗೆ ಪಾಳಿ ಅಂದರೆ ಏನು ಅಂತ ನಾವು ಹೇಳಬೇಕಾಗಿಲ್ಲ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಇಡೀ ಊರೇ ಪಾಳಿಯ ಲೆಕ್ಕದಲ್ಲಿ ಏಳುತ್ತಿತ್ತು, ಮಲಗುತ್ತಿತ್ತು. ಮೂರು ಪಾಳಿಗೆ 15 ಜನ. ವಾರದ ರಜೆ, ಹಬ್ಬ, ಕಾಯಿಲೆ, ಹೆರಿಗೆ ರಜೆಗೆ ಬದಲಿ ಅಂತ ನೂರಕ್ಕೆ 30ರಷ್ಟು ಸೇರಿಸಿದರೆ ಸುಮಾರು 20 ಜನ. ತಲಾ 20,000 ರೂಪಾಯಿ ಸಂಬಳ ಹಿಡಿದರೆ ತಿಂಗಳಿಗೆ 4 ಲಕ್ಷ. 30 ಹಾಸಿಗೆ, 30 ದಿನ. ಭಾಗಿಸಿದರೆ ಒಂದು ಹಾಸಿಗೆಗೆ ದಿನಕ್ಕೆ ಸುಮಾರು 445 ರೂಪಾಯಿ.

ಈಗ "ಇಷ್ಟು ಜನ ಬೇಡ, ಪಾಳಿಗೆ ಇಬ್ಬರು ಸಾಕು" ಅಂತ ಆಡಳಿತದವರು ತೀರ್ಮಾನಿಸಿದರು ಅನ್ನಿ. ರಜೆಯ ಬದಲಿ ಸೇರಿ 8 ಜನ. ತಿಂಗಳಿಗೆ 1 ಲಕ್ಷ 60 ಸಾವಿರ. ಒಂದು ಹಾಸಿಗೆಗೆ ದಿನಕ್ಕೆ ಸುಮಾರು 178 ರೂಪಾಯಿ. ಅಂದರೆ ಆಸ್ಪತ್ರೆಗೆ ಪ್ರತಿ ಹಾಸಿಗೆಯಿಂದ ದಿನಕ್ಕೆ 267 ರೂಪಾಯಿ ಉಳಿಯಿತು. ತಿಂಗಳಿಗೆ 2 ಲಕ್ಷ 40 ಸಾವಿರ ಉಳಿಯಿತು. ನೋಡಲಿಕ್ಕೆ ಒಳ್ಳೆಯ ಉಳಿತಾಯವೇ.

ಆದರೆ ಪುಸ್ತಕದ ಇನ್ನೊಂದು ಪುಟ ನೋಡಿ. ಒಂದು ಪಾಳಿ ಅಂದರೆ 8 ಗಂಟೆ, 480 ನಿಮಿಷ. ಆರು ರೋಗಿಗಳಿದ್ದರೆ ಒಬ್ಬೊಬ್ಬರಿಗೆ 80 ನಿಮಿಷ ಸಿಗುತ್ತದೆ. ಹದಿನೈದು ರೋಗಿಗಳಿದ್ದರೆ 32 ನಿಮಿಷ. ಅದರಲ್ಲಿ ಕೇಸ್ ಶೀಟ್ ಬರೆಯಬೇಕು, ಔಷಧಿ ತರಿಸಬೇಕು, ಫೋನ್ ಎತ್ತಬೇಕು, ಪಾಳಿ ಒಪ್ಪಿಸಬೇಕು. ಉಳಿದ ನಿಮಿಷಗಳಲ್ಲಿ ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ವಿಧಾನ, ಸರಿಯಾದ ಸಮಯ ಅಂತ ಐದನ್ನೂ ಪರೀಕ್ಷೆ ಮಾಡಿ ಮದ್ದು ಕೊಡಬೇಕು. ಆತುರದಲ್ಲಿ ಒಂದು ತಪ್ಪಿದರೆ?

ಇನ್ನು ನಮ್ಮ ಮನೆಯ ಪುಟ. ಆಸ್ಪತ್ರೆ 267 ರೂಪಾಯಿ ಉಳಿಸಿತು. ಆ ಜಾಗ ತುಂಬಲಿಕ್ಕೆ ಮನೆಯಿಂದ ಒಬ್ಬಳು ಕೂಲಿ ಬಿಟ್ಟು ಬಂದು ಕೂರಬೇಕು. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ಅವಳ ಊಟ, ಬಸ್ ಚಾರ್ಜು ಬೇರೆ. ಅವರು ಉಳಿಸಿದ್ದಕ್ಕಿಂತ ನಾವು ಕಳೆದುಕೊಂಡದ್ದೇ ಹೆಚ್ಚು. ಇದರ ಮೇಲೆ ಹುಣ್ಣು, ನಂಜು, ಹೆಚ್ಚು ದಿನ ಆಸ್ಪತ್ರೆವಾಸ ಬಂದರೆ ಸಾವಿರಗಳ ಲೆಕ್ಕ.

ಇದು ನಮ್ಮ ಊಹೆ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ ಲಿಂಡಾ ಐಕನ್ ಮತ್ತು ಅವರ ಸಂಗಡಿಗರು 2002ರಲ್ಲಿ ಒಂದು ವಿಷಯ ಹೇಳಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದ ಹಾಗೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಸುಮಾರು ಶೇಕಡಾ 7ರಷ್ಟು ಏರುತ್ತದೆ ಅಂತ. 2014ರಲ್ಲಿ ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿದಾಗಲೂ ಹೆಚ್ಚು ಕಡಿಮೆ ಅದೇ ಲೆಕ್ಕ ಬಂತು.

ಆಸ್ಪತ್ರೆಯವರ ಕಷ್ಟವೂ ಇದೆ

ಹಾಗಂತ ಆಸ್ಪತ್ರೆ ನಡೆಸುವವರೆಲ್ಲ ಕೆಟ್ಟವರು ಅಂತ ತಿಳಿಯಬಾರದು. ತೂಕ ಹಾಕುವಾಗ ಎರಡೂ ತಟ್ಟೆ ನೋಡಬೇಕು. ಆಸ್ಪತ್ರೆಯ ತಿಂಗಳ ಖರ್ಚಿನಲ್ಲಿ ಸಿಬ್ಬಂದಿ ಸಂಬಳದ್ದು ದೊಡ್ಡ ಪಾಲು. ಕರೆಂಟ್ ಬಿಲ್ ಕಡಿಮೆ ಮಾಡೋಕಾಗಲ್ಲ, ಆಮ್ಲಜನಕ ನಿಲ್ಲಿಸೋಕಾಗಲ್ಲ, ಯಂತ್ರದ ಕಂತು ಕಟ್ಟದೆ ಇರೋಕಾಗಲ್ಲ. ಆಗ ಕಣ್ಣು ಬೀಳುವುದು ನರ್ಸುಗಳ ಸಂಖ್ಯೆಯ ಮೇಲೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದ ಮೇಲೆ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಅನುಕೂಲ ಆಯಿತು. ಬಹಳ ಒಳ್ಳೆಯದು. ಆದರೆ ಪ್ರತಿ ಚಿಕಿತ್ಸೆಗೂ ಪ್ಯಾಕೇಜ್ ದರ ಮೊದಲೇ ನಿಗದಿಯಾಗಿರುತ್ತದೆ. ಆ ದರ ಸಾಲದು, ಹಣ ಬರೋದು ತಡ ಅಂತ ಆಸ್ಪತ್ರೆಯವರು ಹೇಳುತ್ತಾರೆ. ಸಣ್ಣ ಆಸ್ಪತ್ರೆ, ಅದರಲ್ಲೂ ಬಡವರಿಗೆ ಕಡಿಮೆ ದರದಲ್ಲಿ ಚಿಕಿತ್ಸೆ ಕೊಡುವ ಆಸ್ಪತ್ರೆ, ಏಕಾಏಕಿ ಇಪ್ಪತ್ತು ನರ್ಸುಗಳನ್ನು ನೇಮಿಸು ಅಂದರೆ ಬಾಗಿಲು ಹಾಕಬೇಕಾದೀತು. ಬಾಗಿಲು ಹಾಕಿದ ಆಸ್ಪತ್ರೆಯಿಂದ ಯಾರಿಗೆ ಸುರಕ್ಷತೆ?

ಸರ್ಕಾರಿ ಆಸ್ಪತ್ರೆಯ ಕಷ್ಟ ಬೇರೆ ರೀತಿಯದು. ವಿದ್ಯಾನಗರದಿಂದ ತುಂಗಾ ಸೇತುವೆ ದಾಟಿ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ನೋಡಿ. ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಅಕ್ಕಪಕ್ಕದ ಜಿಲ್ಲೆಗಳಿಂದಲೂ ಬಡವರು ಅಲ್ಲಿಗೇ ಬರುತ್ತಾರೆ. "ಹಾಸಿಗೆ ಇಲ್ಲ, ಹೋಗಿ" ಅಂತ ಸರ್ಕಾರಿ ಆಸ್ಪತ್ರೆ ಸುಲಭವಾಗಿ ಹೇಳುವ ಹಾಗಿಲ್ಲ. ಹುದ್ದೆಗಳು ಮಂಜೂರಾಗುವುದು ಹಾಸಿಗೆಯ ಲೆಕ್ಕದಲ್ಲಿ, ರೋಗಿಗಳು ಬರುವುದು ಕಾಯಿಲೆಯ ಲೆಕ್ಕದಲ್ಲಿ. ಮಳೆಗಾಲದಲ್ಲಿ ಡೆಂಗ್ಯೂ ಬಂದರೆ ನರ್ಸುಗಳ ಸಂಖ್ಯೆ ಬೆಳೆಯುವುದಿಲ್ಲ. ಖಾಲಿ ಹುದ್ದೆಗೆ ಗುತ್ತಿಗೆ ನೇಮಕ ಮಾಡುತ್ತಾರೆ. ಕೋವಿಡ್ ಕಾಲದಲ್ಲಿ ಹಾಗೆ ಬಂದು ಜೀವ ಪಣಕ್ಕಿಟ್ಟು ದುಡಿದವರಲ್ಲಿ ಎಷ್ಟೋ ಜನರನ್ನು ಅಲೆ ಇಳಿದ ಮೇಲೆ ಮನೆಗೆ ಕಳಿಸಿದರು. ಅನುಭವ ಬಂದವರನ್ನು ಕಳಿಸಿ ಮತ್ತೆ ಹೊಸಬರನ್ನು ತರುವುದೂ ರೋಗಿಯ ಸುರಕ್ಷತೆಗೆ ಒಳ್ಳೆಯದಲ್ಲ.

'ಸೇವೆ' ಅನ್ನೋ ಮಾತು

ನೀವು ನಮ್ಮನ್ನೂ ಸಿಸ್ಟರ್ ಅಂತೀರಿ, ನರ್ಸನ್ನೂ ಸಿಸ್ಟರ್ ಅಂತೀರಿ. ಇದಕ್ಕೆ ಕಾರಣ ಇದೆ. ಒಂದು ಕಾಲದಲ್ಲಿ ಕನ್ಯಾಸ್ತ್ರೀಯರು ಆಸ್ಪತ್ರೆಗಳಲ್ಲಿ ಹಗಲೂ ರಾತ್ರಿ ಆರೈಕೆ ಮಾಡಿದರು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಸಿಸ್ಟರುಗಳು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರು ಮಾಡಿದ್ದು ಹಾಗೆಯೇ. ಕನ್ಯಾಸ್ತ್ರೀಯರಿಗೆ ಮನೆ ಬಾಡಿಗೆ ಇಲ್ಲ, ಮಕ್ಕಳ ಫೀಸು ಇಲ್ಲ, ಊಟ ವಸತಿ ಮಠದಲ್ಲಿ. ಆದ್ದರಿಂದ ಅವರ ದುಡಿಮೆಯ ಬೆಲೆ ಆಸ್ಪತ್ರೆಯ ಲೆಕ್ಕದಲ್ಲಿ ಕಾಣಲೇ ಇಲ್ಲ. ಅಂಥ ಆಸ್ಪತ್ರೆಗಳಲ್ಲಿ ದರ ಕಡಿಮೆ ಇಡಲು ಸಾಧ್ಯವಾದದ್ದಕ್ಕೆ ಅದೂ ಒಂದು ಕಾರಣ.

ಈಗ ಕಾಲ ಬದಲಾಗಿದೆ. ಕನ್ಯಾಸ್ತ್ರೀಯರ ಸಂಖ್ಯೆ ಕಡಿಮೆಯಾಗಿದೆ. ವಾರ್ಡಿನಲ್ಲಿ ಇರುವವರು ಹೆಚ್ಚಾಗಿ ನಿಮ್ಮ ನಮ್ಮ ಮನೆಯಂಥ ಮನೆಗಳಿಂದ ಬಂದ ಹೆಣ್ಣುಮಕ್ಕಳು. ಅವರಿಗೆ ಬಾಡಿಗೆ ಇದೆ, ಓದಿಗಾಗಿ ಮಾಡಿದ ಸಾಲ ಇದೆ, ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇದ್ದಾರೆ. "ಇದು ಸೇವೆ ಅಲ್ವಾ, ಸ್ವಲ್ಪ ಹೊಂದಿಕೊಳ್ಳಿ" ಅಂತ ಅವರಿಗೆ ಹೇಳುವುದು ನ್ಯಾಯವಲ್ಲ. ಈ ಮಾತನ್ನು ನಾವು ನಮ್ಮವರ ಸಂಸ್ಥೆಗಳಿಗೂ ಸೇರಿಸಿಯೇ ಹೇಳುತ್ತೇವೆ. ಒಬ್ಬಳು ತಾನಾಗಿ ಕೊಟ್ಟರೆ ಅದು ಸೇವೆ. ಬೇರೆ ದಾರಿ ಇಲ್ಲದವಳಿಂದ ಕಿತ್ತುಕೊಂಡರೆ ಅದು ಶೋಷಣೆ.

ನರ್ಸುಗಳ ಸಂಬಳದ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2016ರ ಜನವರಿಯಲ್ಲಿ ಕೋರ್ಟು ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000ಕ್ಕೆ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸಿಗೆ ಸಮನಾಗಿ ಕೊಡಬೇಕು ಅಂತ ಸಮಿತಿ ಶಿಫಾರಸು ಮಾಡಿತು. ಪಕ್ಕದ ಕೇರಳದಲ್ಲಿ ನರ್ಸುಗಳು ಒಗ್ಗಟ್ಟಾಗಿ 2017ರಲ್ಲಿ ಹೋರಾಡಿದರು. 2018ರ ಏಪ್ರಿಲ್‌ನಲ್ಲಿ ಅಲ್ಲಿ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆ ಹೊರಟಿತು. ಒಗ್ಗಟ್ಟಿನ ಬಲ ಏನು ಅಂತ ಸಂಘದ ಹೆಂಗಸರಿಗೆ ನಾವು ಹೇಳಿಕೊಡಬೇಕೇ?

ಎರಡು ಊರುಗಳ ಪಾಠ

ಉಳಿತಾಯದ ಹೆಸರಲ್ಲಿ ನರ್ಸುಗಳನ್ನು ತೆಗೆದರೆ ಏನಾಗುತ್ತದೆ ಅನ್ನೋದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಒಂದು ಪಾಠ. ಅದು ಸರ್ಕಾರಿ ವ್ಯವಸ್ಥೆಯ ಆಸ್ಪತ್ರೆ. 2006-07ರಲ್ಲಿ ಒಂದು ಕೋಟಿ ಪೌಂಡ್ ಉಳಿಸಬೇಕು ಅಂತ ಹೊರಟು 150ಕ್ಕೂ ಹೆಚ್ಚು ಹುದ್ದೆ ಕಡಿತ ಮಾಡಿದರು. ಅವುಗಳಲ್ಲಿ ನರ್ಸುಗಳ ಹುದ್ದೆಗಳೂ ಇದ್ದವು. ಲೆಕ್ಕಪತ್ರ ಚೆನ್ನಾಗಿ ಕಂಡಿತು. ವಾರ್ಡಿನಲ್ಲಿ ರೋಗಿಗಳು ಮಲಮೂತ್ರದಲ್ಲೇ ಮಲಗಿದ್ದರು. ಬಾಯಾರಿದವರು ಹೂದಾನಿಯ ನೀರು ಕುಡಿದ ಸಂಗತಿ ಹೊರಬಂತು. ಇದನ್ನು ಹೊರಗೆ ತಂದವರಲ್ಲಿ ಮುಖ್ಯರಾದವರು ಜೂಲಿ ಬೇಲಿ ಅನ್ನೋ ಸಾಮಾನ್ಯ ಹೆಂಗಸು. ಸಣ್ಣ ಕೆಫೆ ನಡೆಸುತ್ತಿದ್ದರು. ತಾಯಿಯ ಹಾಸಿಗೆಯ ಪಕ್ಕ ವಾರಗಟ್ಟಲೆ ಕುರ್ಚಿಯಲ್ಲೇ ಮಲಗಿ ಎಲ್ಲವನ್ನೂ ಕಣ್ಣಾರೆ ಕಂಡಿದ್ದರು. 2007ರಲ್ಲಿ ತಾಯಿ ತೀರಿಕೊಂಡ ಮೇಲೆ ಅದೇ ಕೆಫೆಯಲ್ಲಿ ತಮ್ಮಂತೆಯೇ ನೊಂದವರನ್ನು ಸೇರಿಸಿ ಗುಂಪು ಕಟ್ಟಿದರು. ತನಿಖೆಯಾಯಿತು. 2013ರಲ್ಲಿ ರಾಬರ್ಟ್ ಫ್ರಾನ್ಸಿಸ್ ಅವರ ವರದಿ 290 ಶಿಫಾರಸುಗಳೊಂದಿಗೆ ಬಂತು. ಗುಂಪು ಅಂದರೆ ನಮ್ಮ ಸಂಘದ ಹಾಗೆಯೇ, ಮೇಜಿನ ಸುತ್ತ ಕೂತ ಹತ್ತಾರು ಜನ.

ಇನ್ನೊಂದು ಪಾಠ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ್ದು. 2016ರಲ್ಲಿ ಅಲ್ಲಿನ 27 ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು ಪಾಳಿಗಳಲ್ಲಿ ಸರಾಸರಿ 4 ರೋಗಿಗೆ ಒಬ್ಬ ನರ್ಸ್, ರಾತ್ರಿ 7 ರೋಗಿಗೆ ಒಬ್ಬ ನರ್ಸ್ ಅಂತ ನಿಯಮ ಮಾಡಿದರು. ಖರ್ಚು ಏರಿತು ಅಂತ ಗಲಾಟೆಯಾಗಬೇಕಿತ್ತಲ್ಲ? 2021ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ, ರೋಗಿಗಳು ಬೇಗ ಮನೆಗೆ ಹೋದರು, ಮತ್ತೆ ಮತ್ತೆ ಅಡ್ಮಿಟ್ ಆಗುವುದು ಕಡಿಮೆಯಾಯಿತು. ಅದರಿಂದ ಉಳಿದ ಹಣ ಹೆಚ್ಚುವರಿ ನರ್ಸುಗಳ ಸಂಬಳದ ಎರಡು ಪಟ್ಟಿಗಿಂತಲೂ ಹೆಚ್ಚು. ನಮ್ಮ ದೇಶದ ಪರಿಸ್ಥಿತಿ ಬೇರೆ, ನಿಜ. ಆದರೆ ಪಾಠ ನಮಗೂ ಅನ್ವಯಿಸುತ್ತದೆ. ನರ್ಸಿನ ಸಂಬಳ ಬರೀ ಖರ್ಚಲ್ಲ, ಸಂಘದಲ್ಲಿ ಕಟ್ಟುವ ಉಳಿತಾಯದ ಹಾಗೆ, ಮುಂದೆ ಕಾಯುತ್ತದೆ.

ಹೆಚ್ಚು ಹಣ ಇಲ್ಲದೆಯೂ ಆಗುವ ಕೆಲಸ

ನಾಳೆ ಬೆಳಿಗ್ಗೆಯೇ ನರ್ಸುಗಳ ಸಂಖ್ಯೆ ಎರಡರಷ್ಟಾಗುವುದಿಲ್ಲ. ಆದರೂ ಇರುವವರ ಸಮಯ ಉಳಿಸಬಹುದು. ನರ್ಸನ್ನು ಬಿಲ್ ಬರೆಯಲು, ಸ್ಟೋರಿನಿಂದ ಸಾಮಾನು ತರಲು, ಲ್ಯಾಬಿಗೆ ಓಡಲು ಕಳಿಸಬಾರದು. ಅದಕ್ಕೆ ಬೇರೆ ಸಹಾಯಕರು ಸಾಕು. ಸಹಾಯಕರು ಸ್ನಾನ, ಊಟ, ಮಗ್ಗುಲು ಬದಲಿಸುವುದರಲ್ಲಿ ನೆರವಾಗಲಿ. ಆದರೆ ಇಂಜೆಕ್ಷನ್, ಡ್ರಿಪ್, ರೋಗಿಯ ಸ್ಥಿತಿ ಅಳೆಯುವುದು ತರಬೇತಾದ ನರ್ಸಿನ ಕೈಯಲ್ಲೇ ಇರಬೇಕು. ಬಿಳಿ ಕೋಟು ಹಾಕಿದವರೆಲ್ಲ ನರ್ಸ್ ಅಲ್ಲ. ಹೆಚ್ಚು ಕಾಯಿಲೆ ಇರುವವರನ್ನು ನರ್ಸ್ ಕೂರುವ ಮೇಜಿನ ಹತ್ತಿರ ಮಲಗಿಸಬೇಕು. ರಾತ್ರಿ ಪಾಳಿಯಲ್ಲಿ ಯಾವ ವಾರ್ಡಿನಲ್ಲೂ ಒಬ್ಬರೇ ಇರಬಾರದು, ಕನಿಷ್ಠ ಇಬ್ಬರು ಬೇಕು. ಅವರಿಗೆ ಬೀಗ ಇರುವ ಕೋಣೆ, ಶೌಚಾಲಯ, ಮನೆಗೆ ಹೋಗಲು ವ್ಯವಸ್ಥೆ ಬೇಕು. ಕಡಿತ ಮಾಡಲೇಬೇಕಾದರೆ ಗೋಡೆಯ ಟೈಲ್ಸು, ಜಾಹೀರಾತು ಫಲಕದಿಂದ ಶುರುವಾಗಲಿ. ಹಾಸಿಗೆಯ ಪಕ್ಕದ ಕೈ ಕೊನೆಗೆ.

ನಾವು ಏನು ಮಾಡಬಹುದು?

ಈಗ ನಮ್ಮ ಪಾಲಿನ ಕೆಲಸ. ಇದನ್ನು ನಿಮ್ಮ ಮುಂದಿನ ವಾರದ ಸಭೆಯಲ್ಲಿ ಓದಿ ಚರ್ಚೆ ಮಾಡಿ.

1. ತುರ್ತು ಇಲ್ಲದ ಆಪರೇಷನ್ ಆದರೆ ಮೊದಲೇ ಕೇಳಿ: "ರಾತ್ರಿ ಈ ವಾರ್ಡಿನಲ್ಲಿ ಎಷ್ಟು ಜನ ನರ್ಸ್ ಇರ್ತಾರೆ? ಎಷ್ಟು ರೋಗಿಗಳು?" ಎ.ಸಿ. ಇದೆಯಾ, ಟಿ.ವಿ. ಇದೆಯಾ ಅಂತ ಕೇಳ್ತೀವಿ, ಇದನ್ನು ಕೇಳೋದಿಲ್ಲ. ಹತ್ತು ಜನ ಕೇಳಿದರೆ ಆಸ್ಪತ್ರೆಯವರು ಯೋಚಿಸುತ್ತಾರೆ.

2. ರೋಗಿಯ ಜೊತೆ ಕೂರುವವರು ಮೊದಲ ದಿನವೇ ನರ್ಸನ್ನು ಕೇಳಿ ಕಲಿಯಿರಿ: ಮಗ್ಗುಲು ಹೇಗೆ ತಿರುಗಿಸಬೇಕು, ಕೈ ಹೇಗೆ ತೊಳೆಯಬೇಕು, ಯಾವ ಲಕ್ಷಣ ಕಂಡರೆ ಕೂಡಲೇ ಕರೆಯಬೇಕು. ರೋಗಿಗೆ ಯಾವ ಮದ್ದು ಆಗಿಬರುವುದಿಲ್ಲ ಅಂತ ನೀವಾಗಿಯೇ ಹೇಳಿ.

3. ಆದರೆ ನರ್ಸಿನ ಕೆಲಸವನ್ನು ನೀವು ಮಾಡಬೇಡಿ. ಡ್ರಿಪ್ಪಿನ ವೇಗ ಬದಲಿಸುವುದು, ಆಮ್ಲಜನಕದ ಮಾಸ್ಕ್ ತೆಗೆಯುವುದು, ಹೇಳಿಕೊಡದೆ ಮೂಗಿನ ಕೊಳವೆಯಲ್ಲಿ ಗಂಜಿ ಹಾಕುವುದು ಅಪಾಯ. "ನೀವೇ ಮಾಡ್ಕೊಳ್ಳಿ" ಅಂದರೆ "ನಮಗೆ ಬರೋದಿಲ್ಲ, ದಯವಿಟ್ಟು ನೀವೇ ಬನ್ನಿ" ಅಂತ ಧೈರ್ಯವಾಗಿ ಹೇಳಿ.

4. ನರ್ಸ್ ಮದ್ದು ಹಂಚುವ ಹೊತ್ತಿನಲ್ಲಿ ಮಾತಾಡಿಸಬೇಡಿ. ಒಬ್ಬ ರೋಗಿಗೆ ಹತ್ತು ಜನ ನೆಂಟರು ಹೋಗಬೇಡಿ. ಕೂಗಾಡಬೇಡಿ, ಬೈಯಬೇಡಿ. ಮನೆಯ ಗಂಡಸರಿಗೂ ತಿಳಿಹೇಳಿ. ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಶಿಕ್ಷೆ ಕೊಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 2009ರಿಂದ ಇದೆ. ಕಾನೂನಿನ ಭಯಕ್ಕಿಂತ ಹೆಚ್ಚಾಗಿ, ಅವಳೂ ಒಬ್ಬ ತಾಯಿಯ ಮಗಳು.

5. ದೂರು ಇದ್ದರೆ ದಾರಿ ಇದೆ. ಖಾಸಗಿ ಆಸ್ಪತ್ರೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಅದಕ್ಕೆ 2017ರಲ್ಲಿ ತಿದ್ದುಪಡಿಯಾಗಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ದೂರು ಕೇಳುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರಹದಲ್ಲಿ ಕೊಡಿ. ಸರ್ಕಾರಿ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರಲ್ಲಿ ಯಾರಿದ್ದಾರೆ, ಸಭೆ ಯಾವಾಗ ಅಂತ ಕೇಳಿ. ದೂರು ಕೊಡುವಾಗ "ಆ ನರ್ಸ್ ಸರಿಯಿಲ್ಲ" ಅಂತ ಮಾತ್ರ ಬರೆಯಬೇಡಿ. "ಆ ರಾತ್ರಿ ಇಷ್ಟು ರೋಗಿಗಳಿಗೆ ಒಬ್ಬರೇ ನರ್ಸ್ ಇದ್ದರು" ಅಂತ ದಿನಾಂಕ, ಸಮಯದ ಜೊತೆ ಬರೆಯಿರಿ. ಆಗ ದೂರು ಸರಿಯಾದ ಬಾಗಿಲು ತಟ್ಟುತ್ತದೆ.

6. ನಿಮ್ಮ ಮಗಳನ್ನು ನರ್ಸಿಂಗ್ ಓದಿಸುವವರು ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. ಕೆಲಸಕ್ಕೆ ಸೇರುವಾಗ ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇಟ್ಟ ಹಾಗೆ ಬಿಟ್ಟುಕೊಡಬೇಡಿ. ನೇಮಕದ ಪತ್ರ, ಸಂಬಳದ ಚೀಟಿ ಕೇಳಲು ಕಲಿಸಿ.

7. ಸಂಘದ ಸಾಲದ ಪುಸ್ತಕದಲ್ಲಿ "ಆಸ್ಪತ್ರೆ ಖರ್ಚು" ಅಂತ ಬರೆಯುವಾಗ ಎಷ್ಟು ದಿನ ಇದ್ದರು, ಯಾಕೆ ಹೆಚ್ಚು ದಿನ ಆಯಿತು, ಯಾರು ಕೂಲಿ ಬಿಟ್ಟರು ಅನ್ನೋದನ್ನೂ ಒಂದು ಸಾಲು ಬರೆಯಿರಿ. ವರ್ಷದ ಕೊನೆಗೆ ಒಕ್ಕೂಟದಲ್ಲಿ ಎಲ್ಲ ಸಂಘಗಳದ್ದೂ ಕೂಡಿಸೋಣ. ಆ ಲೆಕ್ಕವನ್ನು ಹಿಡಿದುಕೊಂಡು ಅಧಿಕಾರಿಗಳ ಹತ್ತಿರ, ಆಸ್ಪತ್ರೆಯ ಆಡಳಿತದವರ ಹತ್ತಿರ ಹೋಗೋಣ. ನಮ್ಮ ಸಂಸ್ಥೆ ನಿಮ್ಮ ಜೊತೆ ಬರುತ್ತದೆ.

ಸಹೋದರಿಯರೇ, ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಚಿಕಿತ್ಸೆಗೆ ಹೋದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯ ಹಾದಿಯಲ್ಲೇ ಏನಾದರೊಂದು ಹಾನಿಯಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿಸಬಹುದಾದದ್ದು. 2019ರಿಂದ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತೆಯ ದಿನ ಅಂತ ಆಚರಿಸುತ್ತಾರೆ. ಮೇ 12 ನರ್ಸುಗಳ ದಿನ. ಅಂದು ಹೂವು ಕೊಟ್ಟು, ದೀಪ ಹಚ್ಚಿ, ಭಾಷಣ ಮಾಡುತ್ತೇವೆ. ಹೂವು ಕೊಡೋಣ, ಬೇಡ ಅನ್ನಲ್ಲ. ಜೊತೆಗೆ "ನಿಮ್ಮ ಪಾಳಿಯಲ್ಲಿ ಎಷ್ಟು ಜನ ಇದ್ದೀರಿ ಅಕ್ಕ?" ಅಂತ ಒಂದು ಮಾತೂ ಕೇಳೋಣ.

ಸಂಘದಲ್ಲಿ ನಾವು ಕಲಿತ ಮೊದಲ ಪಾಠ, ಒಬ್ಬಳ ಉಳಿತಾಯ ಇನ್ನೊಬ್ಬಳ ಹೊಟ್ಟೆ ಹೊಡೆದು ಆಗಬಾರದು ಅಂತ. ಆಸ್ಪತ್ರೆಯ ಲೆಕ್ಕಕ್ಕೂ ಅದೇ ಪಾಠ.